ಕೊಟ್ಟವರ ಹೆಸರು

ಅಪ್ಪ ಒಂದು ತಟ್ಟೆ ಮುಗಿಸಿ ನನ್ನ ಕಡೆಗೆ ಜರುಗಿಸುತ್ತಿದ್ದ. ನಾನು ಎಣ್ಣೆಯಲ್ಲಿ ಕಲಸಿದ ಕರಿಮಸಿಯನ್ನು ಬಟ್ಟೆಯ ತುದಿಗೆ ಹಚ್ಚಿಕೊಂಡು, ಅವನು ಕೊರೆದ ಅಕ್ಷರಗಳ ಮೇಲೆ ತಿಕ್ಕುತ್ತಿದ್ದೆ. ಆಮೇಲೆ ಒಣ ಬಟ್ಟೆಯಿಂದ ಒರೆಸಿದರೆ ಮೇಲಿನ ಮಸಿ ಹೋಗಿ, ಚುಕ್ಕಿಗಳ ಒಳಗೆ ಕೂತದ್ದು ಮಾತ್ರ ಉಳಿದು ಹೆಸರು ಎದ್ದು ಕಾಣುತ್ತಿತ್ತು. ಆ ದಿನ ಇಪ್ಪತ್ತನಾಲ್ಕು ತಟ್ಟೆಗಳಿದ್ದವು. ಎಲ್ಲದರ ಮೇಲೂ ಒಂದೇ ಹೆಸರು. ಹದಿನೈದನೆಯದು ಮುಗಿಯುವವರೆಗೂ ನಾವಿಬ್ಬರೂ ಒಂದು ಮಾತೂ ಆಡಿರಲಿಲ್ಲ. ಆಡಬೇಕಾದ ಅಗತ್ಯವೂ ಇರಲಿಲ್ಲ. ಸುತ್ತಿಗೆ ಉಳಿಯ ತಲೆಯ ಮೇಲೆ ಟಿಕ್ ಟಿಕ್ ಎಂದು ಬೀಳುತ್ತಲೇ ಇತ್ತು.

ಹದಿನಾರನೆಯ ತಟ್ಟೆ ಕೈಗೆತ್ತಿಕೊಂಡಾಗ ಅಪ್ಪ ಕೇಳಿದ: “ಅಂಜನ ಎಷ್ಟು ಗಂಟೆ ಬಸ್ಸಿಗೆ ಬರ್ತಾಳಂತೆ?”

“ಸಾಯಂಕಾಲ.”

“ಅಳಿಯಂದ್ರೇ ಕರ್ಕೊಂಡ್ ಬರ್ತಾರಾ?”

“ಗೊತ್ತಿಲ್ಲ.”

ಅದು ೧೯೮೪ರ ಆಷಾಢದ ಮೊದಲ ದಿನ. ನನ್ನ ಅಕ್ಕ ಅಂಜನಮ್ಮನ ಮದುವೆಯಾಗಿ ಒಂದೂವರೆ ತಿಂಗಳಾಗಿತ್ತು. ಹೊಸ ಮದುವೆಯಾದವಳು ಆಷಾಢದಲ್ಲಿ ಅತ್ತೆಯ ಜೊತೆ ಒಂದೇ ಹೊಸಿಲು ದಾಟಬಾರದೆಂದು ಅವಳನ್ನು ತವರಿಗೆ ಕಳಿಸುತ್ತಿದ್ದರು. ಅವಳು ಬರುತ್ತಾಳೆ ಎಂಬುದಕ್ಕಿಂತ, ಅವಳನ್ನು ಬಿಡಲು ಬರುವ ಅಳಿಯನ ಕೈಯಲ್ಲಿ ಮದುವೆಗೆ ತಾನು ಕೊಟ್ಟ ವಾಚು ನೋಡಬಹುದು ಎಂಬುದೇ ಅಪ್ಪನಿಗೆ ಹೆಚ್ಚಾಗಿತ್ತೇನೋ. ಬೆಳಗಿನಿಂದ ಅವನ ಸುತ್ತಿಗೆ ಒಂದೂ ಏಟು ತಪ್ಪಿರಲಿಲ್ಲ.

ನನ್ನಪ್ಪ ದೊಡ್ಡಹನುಮಯ್ಯ ಬೆಂಗಳೂರಿನ ವಿಜಯನಗರದ ಜಂಬಣ್ಣನವರ ಸ್ಟೀಲ್ ಪಾತ್ರೆ ಅಂಗಡಿಯ ಜಗಲಿಯ ಮೇಲೆ ಕೂತು ಪಾತ್ರೆಗಳಿಗೆ ಹೆಸರು ಹಾಕುತ್ತಿದ್ದ. ನಾವಿದ್ದದ್ದು ಮೂಡಲಪಾಳ್ಯದಲ್ಲಿ. ಏಳನೇ ಕ್ಲಾಸಿಗೆ ನಾನು ಸ್ಕೂಲು ಬಿಟ್ಟೆ. ಎದ್ದು ನಿಂತು ಪಾಠ ಓದು ಎಂದರೆ ನನಗೆ ಬಾಯಿ ಬರುತ್ತಿರಲಿಲ್ಲ. ಓದಲು ಬಾರದೆಂದೇ ಮೇಷ್ಟ್ರು ತಿಳಿದರು. “ಮನೇಲಿ ಕೂತು ಏನ್ ಮಾಡ್ತಾಳೆ, ಜೊತೆಗೆ ಬರ್ಲಿ” ಎಂದು ಅಪ್ಪ ಜಗಲಿಗೆ ಕರೆದುಕೊಂಡು ಹೋದ. ಆ ಜಗಲಿಯ ಮೇಲೆ ಅಪ್ಪನ ಎಡಗಡೆ, ಕಂಬಕ್ಕೆ ಒರಗಿಕೊಂಡು, ಯಾರ ಕಣ್ಣಿಗೂ ಅಷ್ಟಾಗಿ ಬೀಳದೆ ಕೂತ ಆ ಐದಾರು ವರ್ಷಗಳು ಈಗ ನೆನೆದರೆ ನನಗೆ ಸ್ಕೂಲಿನ ವರ್ಷಗಳಿಗಿಂತ ಹೆಚ್ಚು ಸ್ಕೂಲಿನ ಹಾಗೆ ಕಾಣುತ್ತವೆ. ಈಗ ಅಲ್ಲಿ ಕರೆಂಟಿನ ಮಿಶನ್ ಬಂದಿದೆ. ಪೆನ್ನಿನ ಹಾಗೆ ಹಿಡಿದು ಬರೆದರಾಯಿತು, ಜೀರುಂಡೆಯ ಹಾಗೆ ಗುಂಯ್‌ಗುಟ್ಟುತ್ತದೆ. ನಾನೇ ಅದರಲ್ಲಿ ಕೆಲಸ ಮಾಡುತ್ತೇನೆ. ಅದರಲ್ಲಿ ಯಾರು ಬರೆದರೂ ಒಂದೇ ಥರ. ಉಳಿಯ ಕಾಲದಲ್ಲಿ ಹಾಗಿರಲಿಲ್ಲ. ಒಂದು ಚೊಂಬು ನೋಡಿದರೆ ಇದು ಯಾರ ಕೈ ಎಂದು ಅಪ್ಪ ಹೇಳುತ್ತಿದ್ದ. “ಇದು ಮಾಗಡಿ ರಸ್ತೆಯವನು. ನೋಡು, ಕೊಂಬು ಎಳೆಯೋವಾಗ ಅವಸರ.”

ಪಾತ್ರೆಗೆ ಎರಡು ಥರದ ಹೆಸರು. ಒಂದು ಮನೆಯವರದು, ಅಕ್ಕಪಕ್ಕದಲ್ಲಿ ಅದಲುಬದಲಾಗದಿರಲಿ ಎಂದು. ಇನ್ನೊಂದು ಕೊಟ್ಟವರದು. ಮದುವೆಗೋ ಗೃಹಪ್ರವೇಶಕ್ಕೋ ಪಾತ್ರೆ ಕೊಡುವವರು ತಮ್ಮ ಹೆಸರು, ಊರು, ತಾರೀಖು ಹಾಕಿಸುತ್ತಿದ್ದರು. ಪಡೆಯುವವರ ಹೆಸರು ಯಾರೂ ಹಾಕಿಸುತ್ತಿರಲಿಲ್ಲ. ಪಾತ್ರೆ ಅವರ ಮನೆಯಲ್ಲೇ ಇರುತ್ತದಲ್ಲ, ಅವರ ಹೆಸರು ಯಾಕೆ? ಕೊಟ್ಟವರದೇ ಮುಖ್ಯ. ಅದಕ್ಕಾಗಿ ಜಗಲಿಯ ಮುಂದೆ ಎಷ್ಟು ಜಗಳ ನೋಡಿದ್ದೇನೆ. ಉಗ್ರಪ್ಪ ಎಂಬ ಒಬ್ಬರು ಪುಟ್ಟ ಕುಂಕುಮದ ಬಟ್ಟಲು ತಂದು, ತಮ್ಮ ಹೆಸರು, ತಂದೆಯ ಹೆಸರು, ಕೆಲಸ, ಬಸವೇಶ್ವರನಗರದ ವಿಳಾಸ ಎಲ್ಲ ಬರೆದ ಚೀಟಿ ಕೊಟ್ಟಿದ್ದರು.

“ಸಾರ್, ಇಷ್ಟಕ್ಕೆಲ್ಲ ಹಂಡೆ ಬೇಕಾಗ್ತದೆ” ಎಂದ ಅಪ್ಪ.

“ತಳದಲ್ಲಿ ಜಾಗ ಇದೆಯಲ್ಲಪ್ಪ!”

“ಕುಂಕುಮ ಚೆಲ್ಲಿ, ಬಟ್ಟಲು ಬೋರಲು ಹಾಕಿ ಓದ್ಬೇಕಾ ಸಾರ್ ಅವರು?”

ಜಂಬಣ್ಣನವರು ಒಳಗಿಂದ ನಕ್ಕರು. ಉಗ್ರಪ್ಪನವರೂ ಕೊನೆಗೆ ನಕ್ಕು, ಹೆಸರೊಂದೇ ಸಾಕು ಎಂದರು.

ನಮ್ಮ ಮನೆಯ ಪಾತ್ರೆಗಳ ಮೇಲೆ ಮಾತ್ರ ನಮ್ಮ ಹೆಸರಿರಲಿಲ್ಲ. ಹೆಸರು ಹಾಕಿಸಿ ತೆಗೆದುಕೊಂಡು ಹೋಗದವರ ಪಾತ್ರೆ, ತಾರೀಖು ತಪ್ಪಾದ ಪಾತ್ರೆ, ಇಂಥವನ್ನು ಜಂಬಣ್ಣನವರು ಅಪ್ಪನಿಗೆ ಕೊಟ್ಟುಬಿಡುತ್ತಿದ್ದರು. ಅಪ್ಪ ಕಾಫಿ ಕುಡಿಯುತ್ತಿದ್ದ ಲೋಟ ಯಾರೋ ಬಸವರಾಜೇಶ್ವರಿಯದು. “ಏ, ಬಸವರಾಜೇಶ್ವರಿ ಎಲ್ಲಿ?” ಎಂದು ಬೆಳಿಗ್ಗೆ ಕೂಗುತ್ತಿದ್ದ. “ಅವಳು ಇನ್ನೂ ಸ್ನಾನ ಮಾಡಿಲ್ಲ, ಇರು” ಎನ್ನುತ್ತಿದ್ದಳು ಅಮ್ಮ ಮುನಿತಾಯಮ್ಮ, ಬಚ್ಚಲಿನಿಂದಲೇ. ಅನ್ನದ ತಪ್ಪಲೆ ಲಕ್ಷ್ಮೀಪತಿಯವರದು. ಅವರು ಯಾರೆಂದು ನಮಗೆ ಇವತ್ತಿಗೂ ಗೊತ್ತಿಲ್ಲ.

ಇಪ್ಪತ್ತೈದು ವರ್ಷ ಬೇರೆಯವರು ಕೊಟ್ಟದ್ದರ ಮೇಲೆ ಬೇರೆಯವರ ಹೆಸರು ಕೊರೆದ ನನ್ನಪ್ಪ, ಹೆಸರು ಹಾಕಿಸುವಂಥದ್ದನ್ನು ತಾನು ಯಾರಿಗೂ ಕೊಟ್ಟಿರಲಿಲ್ಲ. ಅಕ್ಕನಿಗೆ ಕೆಂಗೇರಿ ಉಪನಗರದ ಗಂಡು ಒಪ್ಪಿಗೆಯಾದಾಗ ಆ ಕಾಲ ಬಂತು. ಗಂಡಿನ ಹೆಸರು ಶ್ಯಾಮಸುಂದರ. ಜ್ಞಾನಭಾರತಿಯ ಯೂನಿವರ್ಸಿಟಿ ಆಫೀಸಿನಲ್ಲಿ ಗುಮಾಸ್ತರು. ಮದುವೆಯಲ್ಲಿ ಅಳಿಯನಿಗೆ ವಾಚು ಕೊಡುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಅಪ್ಪ ಎಚ್ಎಂಟಿ ವಾಚು ತಂದ. ತಂದವನೇ ವಿಜಯನಗರದ ವಾಚ್ ರಿಪೇರಿ ಗುರುಸಿದ್ದಯ್ಯನವರ ಹತ್ತಿರ ಹೋಗಿ ಹಿಂದಿನ ಮುಚ್ಚಳ ಬಿಚ್ಚಿಸಿದ. ಮುಚ್ಚಳ ಬಿಚ್ಚದೆಯೇ ಅದರ ಮೇಲೆ ಸುತ್ತಿಗೆ ಬಿದ್ದರೆ ಒಳಗಿನ ಮಿಶನ್ ನಿಂತುಹೋಗುತ್ತದೆ. ಗುರುಸಿದ್ದಯ್ಯನವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಗಾಜನ್ನೂ ಎರಡು ದಿನಕ್ಕೆ ಕೇಳಿ ತಂದ.

ನಮ್ಮ ಮನೆಯ ಬಾಗಿಲಲ್ಲಿ, ಬೆಳಕಿಗೆ ಮುಖ ಮಾಡಿ ಕೂತು, ಎರಡು ರೂಪಾಯಿ ನಾಣ್ಯಕ್ಕಿಂತ ಒಂಚೂರು ದೊಡ್ಡದಿದ್ದ ಆ ಮುಚ್ಚಳದ ಮೇಲೆ ಅಪ್ಪ ಎರಡು ದಿನ ಕೊರೆದ. ಅಷ್ಟು ಸಣ್ಣ ಅಕ್ಷರ ಅವನು ಯಾವತ್ತೂ ಹಾಕಿರಲಿಲ್ಲ. ಮೊದಲು ಒಂದು ಹಳೆಯ ಚಮಚದ ಮೇಲೆ ಹತ್ತು ಸಲ ಬರೆದು ನೋಡಿದ. ಅಪ್ಪ ನನಗೂ ಉಳಿ ಹಿಡಿಯಲು ಕಲಿಸಿದ್ದ. ನನ್ನ ಕಣ್ಣು ಚೂಪಾಗಿತ್ತು, ಸಣ್ಣ ಅಕ್ಷರ ನನ್ನ ಕೈಯಲ್ಲೇ ಚೆನ್ನಾಗಿ ಬರುತ್ತಿತ್ತು. “ನಾನು ಹಾಕ್ಲಾ?” ಎಂದೆ.

“ಇದೊಂದನ್ನ ನಾನೇ ಹಾಕ್ತೀನಿ ಕಣೇ.”

ಮುಗಿಸಿ ನನ್ನ ಕೈಗೆ ಕೊಟ್ಟ. ಮಸಿ ತಿಕ್ಕಿ ಒರೆಸಿದೆ. ನಡುವೆ ದೊಡ್ಡದಾಗಿ ‘ದೊಡ್ಡಹನುಮಯ್ಯ’. ಕೆಳಗೆ ‘ಮೂಡಲಪಾಳ್ಯ’. ಅದರ ಕೆಳಗೆ ‘೧೩-೫-೮೪’. ಅಷ್ಟೇ.

ಕೊಳಗಕ್ಕೆ ಹಾಕುವ ಹಾಗೆಯೇ ಹಾಕಿದ್ದ. ಭಾವನ ಹೆಸರು ಎಲ್ಲೂ ಇರಲಿಲ್ಲ. ನನಗೆ ಆಗಲೇ ಅದು ಕಣ್ಣಿಗೆ ಬಿತ್ತು. ಪಾತ್ರೆ ಮನೆಯ ಗೂಡಿನಲ್ಲಿರುತ್ತದೆ, ವಾಚು ಮನುಷ್ಯನ ಕೈಯಲ್ಲಿರುತ್ತದೆ, ಎರಡೂ ಒಂದೇ ಅಲ್ಲವಲ್ಲ ಅನ್ನಿಸಿತು. ಹೇಳಬೇಕು ಎಂದು ತಲೆ ಎತ್ತಿದೆ. ಅಪ್ಪ ಗಾಜು ತೆಗೆದು, ನೀರು ತುಂಬಿದ ಕಣ್ಣನ್ನು ತೋಳಿನಿಂದ ಒರೆಸಿಕೊಳ್ಳುತ್ತ ನಗುತ್ತಿದ್ದ. “ಚೆನ್ನಾಗಿ ಬಂದಿದೆ” ಎಂದುಬಿಟ್ಟೆ.

ಮದುವೆಯ ಮಂಟಪದಲ್ಲಿ ವಾಚನ್ನು ಅಳಿಯನ ಕೈಗೆ ಕಟ್ಟುವ ಮೊದಲು ಅಪ್ಪ ಅದನ್ನು ಬೋರಲು ಹಿಡಿದು ಸುತ್ತ ಇದ್ದವರಿಗೆಲ್ಲ ತೋರಿಸಿದ. ಭಾವ ನಕ್ಕರು. ಮದುಮಗನಲ್ಲವೇ, ನಗದೆ ಏನು ಮಾಡಿಯಾರು?

ಆಷಾಢದ ಆ ಸಾಯಂಕಾಲ ಅಕ್ಕ ಮೈದುನನ ಜೊತೆ ಬಂದಳು. ಅಪ್ಪನ ಮುಖ ಸ್ವಲ್ಪ ಇಳಿಯಿತು.

“ಅಳಿಯಂದ್ರು ಬರ್ಲಿಲ್ವಾ?”

“ಆಫೀಸಲ್ಲಿ ಪರೀಕ್ಷೆ ಕೆಲಸ ಜಾಸ್ತಿ ಅಪ್ಪ.”

ಅವಳು ಊಟಕ್ಕೆ ಕೂತಾಗ ಮತ್ತೆ ಕೇಳಿದ: “ವಾಚು ಸರಿಯಾಗಿ ನಡೀತಾ ಇದೆಯಾ?”

“ಹೂಂ.”

“ದಿನಾ ಕಟ್ಕೋತಾರಾ?”

“ದಿನಾ ಕಟ್ಕೋತಾರೆ ಕಣಪ್ಪ, ಅನ್ನ ತಿನ್ನೋಕಾದ್ರೂ ಬಿಡು!” ಎಂದಳು ಅಕ್ಕ. ಅಪ್ಪ ನಕ್ಕು ಎದ್ದುಹೋದ.

ಮರುದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅಕ್ಕ ಸೊಂಟದಿಂದ ಒಂದು ಕರ್ಚೀಫಿನ ಗಂಟು ತೆಗೆದು ನನ್ನ ಕೈಗಿಟ್ಟಳು. ಒಳಗೆ ವಾಚಿತ್ತು. ಬೆಲ್ಟು ಹೊಸದರ ಹಾಗೆಯೇ ಇತ್ತು, ಮಡಿಕೆಯೂ ಸರಿಯಾಗಿ ಬಿದ್ದಿರಲಿಲ್ಲ.

“ಆಫೀಸಲ್ಲಿ ಊಟಕ್ಕೆ ಕೈ ತೊಳೆಯೋಕೆ ಬಿಚ್ಚಿಟ್ಟಿದ್ರಂತೆ. ಯಾರೋ ಪಂಚಾಕ್ಷರಿ ಅಂತ ಇದಾನೆ, ಜೊತೆಗಾರ. ತಿರುಗಿಸಿ ನೋಡಿದಾನೆ. ‘ಯಾರ್ರೀ ಇಲ್ಲಿ ದೊಡ್ಡಹನುಮಯ್ಯ? ವಾಚು ಬಿಟ್ಟೋಗಿದಾರೆ!’ ಅಂತ ಆಫೀಸಿಗೆಲ್ಲ ಕೇಳೋ ಹಾಗೆ ಕೂಗಿದಾನೆ. ಅವತ್ತಿಂದ ಅದೇ ಹೆಸರು ಕಣೇ ಅವರಿಗೆ. ‘ಏನ್ ದೊಡ್ಡಹನುಮಯ್ಯನೋರೇ, ಟೈಮ್ ಎಷ್ಟಾಯ್ತು?’ ‘ದೊಡ್ಡಹನುಮಯ್ಯನೋರೇ, ಫೈಲು ಕಳಿಸಿ.’ ಆಫೀಸರ್ ಕೂಡ ಒಂದ್ಸಲ ಬಾಯಿ ತಪ್ಪಿ ಹಾಗೇ ಕರೆದ್ರಂತೆ.”

ನನಗೆ ನಗು ಬಂತು. ಅಕ್ಕನಿಗೂ ಬಂತು. ಇಬ್ಬರೂ ಬಾಯಿಗೆ ಸೆರಗು ಇಟ್ಟುಕೊಂಡೆವು. ಆಮೇಲೆ ಅವಳು ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ.

“ಅವತ್ತಿಂದ ಕಟ್ಟಿಲ್ಲ. ನಮ್ಮತ್ತೆ ಬೇರೆ, ‘ಮಾವನ ಹೆಸರು ಹೊತ್ಕೊಂಡು ತಿರುಗೋಕೆ ನನ್ ಮಗ ಏನ್ ತಟ್ಟೇನಾ, ಲೋಟಾನಾ?’ ಅಂತಾರೆ. ನೆನ್ನೆ ಹೊರಡೋವಾಗ ಇವರು ವಾಚು ತಂದು ನನ್ನ ಬ್ಯಾಗಿಗೆ ಹಾಕಿದ್ರು. ‘ನಿಮ್ಮಪ್ಪನ ವಾಚು ನಿಮ್ಮಪ್ಪನ ಮನೇಲಿರ್ಲಿ. ಅದರ ಮೇಲೆ ನನ್ ಹೆಸರಿದ್ರೆ ತಗೊಂಡ್ ಬಾ’ ಅಂದ್ರು. ನೀನು ಇದನ್ನ ಉಜ್ಜಿ ಅವರ ಹೆಸರು ಹಾಕ್ಕೊಡೇ ನರಸೂ. ಶ್ರಾವಣಕ್ಕೆ ಅವರು ಬರೋದ್ರೊಳಗೆ.”

“ಅಪ್ಪನ ಹೆಸರ ಕೆಳಗೆ ಹಾಕಿದ್ರೆ ಆಗಲ್ವಾ?”

“ಕೆಳಗೆ ಎಲ್ಲಿದೆ ಜಾಗ? ಪೂರ್ತಿ ಮೂಡಲಪಾಳ್ಯ ತುಂಬಿಸಿದಾನಲ್ಲ ನಿಮ್ಮಪ್ಪ!”

“ಅಪ್ಪನಿಗೆ ಹೇಳೋಣ.”

“ನೀನು ಹೇಳ್ತೀಯಾ?”

ನಾನು ಬಟ್ಟೆ ಹಿಂಡಿದೆ.

“ನೋಡಿದ್ಯಾ? ನಂಗೂ ಆಗಲ್ಲ. ನೀನಂತೂ ಬಾಯೇ ಬಿಡಲ್ಲ. ಕೈಯಾದ್ರೂ ಇದೆಯಲ್ಲ ನಿಂಗೆ.” ಒದ್ದೆ ಬಟ್ಟೆ ಕೊಡವುತ್ತ ಹೇಳಿದಳು: “ಇದಕ್ಕೆ ನನ್ನ ಬಿಟ್ಬಿಡ್ತಾರೆ ಅಂತಲ್ಲ. ಆದ್ರೆ ದಿನಾ ಬೆಳಿಗ್ಗೆ ಬರಿಗೈಲಿ ಆಫೀಸಿಗೆ ಹೋಗ್ತಾರೆ, ನಾನು ಬಾಗಿಲಲ್ಲಿ ನಿಂತು ನೋಡ್ತೀನಿ. ನಮ್ಮಿಬ್ಬರ ಮಧ್ಯೆ ಏನ್ ಮಾತು ಶುರುವಾದ್ರೂ ಅಲ್ಲಿಗೇ ಬಂದು ನಿಲ್ಲತ್ತೆ ಕಣೇ.”

ಅಮ್ಮನಿಗೆ ವಿಷಯ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅವಳು ಹಿಟ್ಟಿನ ಕೋಲು ಹಿಡಿದು ಮುದ್ದೆ ತಿರುವುತ್ತಲೇ, “ಬಾಳೋಳು ಅವಳು. ಅವಳು ಹೇಳ್ದಂಗೆ ಮಾಡು” ಎಂದಳು. ಮುದ್ದೆ ಇಳಿಸಿದ ಮೇಲೆ, “ನಿಮ್ಮಪ್ಪನಿಗೆ ಗೊತ್ತಾಗೋದು ಬೇಡ” ಎಂದೂ ಸೇರಿಸಿದಳು. ಅದು ಹೇಗೆ ಸಾಧ್ಯ ಎಂದು ಯಾರೂ ಕೇಳಿಕೊಳ್ಳಲಿಲ್ಲ.

ಜಗಲಿಯಿಂದ ನೀರು ಕುಡಿದು ಬರುತ್ತೇನೆಂದು ಎದ್ದು ಗುರುಸಿದ್ದಯ್ಯನವರ ಅಂಗಡಿಗೆ ಹೋದೆ. ಅವರು ದಾವಣಗೆರೆಯ ಕಡೆಯವರು. ಹಣೆಯ ತುಂಬ ವಿಭೂತಿ, ಬಲಗಣ್ಣಿನ ಸುತ್ತ ಗಾಜು ಒತ್ತಿ ಬಿದ್ದ ಉಂಗುರದಂಥ ಕಲೆ. ವಾಚನ್ನು ಮೇಜಿನ ಮೇಲಿಟ್ಟೆ. ಅವರು ತಿರುಗಿಸಿ ನೋಡಿ, ಹೊಟ್ಟೆ ಕುಲುಕಿಸಿ ಸದ್ದಿಲ್ಲದೆ ನಕ್ಕರು.

“ಅವತ್ತು ಮುಚ್ಚಳ ಹಾಕುವಾಗ್ಲೇ ಅಂದ್ಕಂಡೆ. ನಿಮ್ಮಪ್ಪ ಇದನ್ನ ಕೊಡ ಅಂತ ತಿಳ್ಕಂಡಾನೇನವ್ವ?”

ನಾನು ಮೇಜಿನ ಮೇಲಿನ ಸ್ಕ್ರೂಗಳನ್ನು ನೋಡುತ್ತ ನಿಂತೆ. ಅಕ್ಕ ಹೇಳಿದ್ದನ್ನು ಎರಡು ಮಾತಿನಲ್ಲಿ ಹೇಳಿದೆ. ಅವರ ನಗು ನಿಂತಿತು. ಗಾಜು ಹಾಕಿಕೊಂಡು ಮುಚ್ಚಳವನ್ನು ಬೆಳಕಿಗೆ ಓರೆ ಹಿಡಿದರು.

“ಆಳಕ್ಕೆ ಹೊಡ್ದಾನೆ. ಎಮರಿ ಪೇಪರಿನಾಗೆ ಒಂದು ಸಲ ಉಜ್ಜಬೌದು. ಎರಡನೇ ಸಲಕ್ಕೆ ಮುಚ್ಚಳ ಉಳಿಯಂಗಿಲ್ಲ, ತಗಡಾಗಿ ಹೋಗ್ತೈತೆ. ಅಂದ್ರೆ ಉಜ್ಜಿದ ಮ್ಯಾಲೆ ಅಯ್ಯೋ ಅಂದ್ರೆ ಇಲ್ಲ. ನಿಮ್ಮಪ್ಪನ್ನ ಕೇಳೀಯಾ?”

ನಾನು ಮತ್ತೆ ಸ್ಕ್ರೂಗಳ ಕಡೆ ನೋಡಿದೆ.

“ಕೇಳಿಲ್ಲ. ಕೇಳಿ ಬಾ ತಾಯಿ. ಇಪ್ಪತ್ತು ವರ್ಷದ ಗುರುತು ನಂದೂ ಅವಂದೂ.”

ಕೇಳಬೇಕೆಂದೇ ನಾನು ಅಂದುಕೊಂಡೆ. ಸಾಯಂಕಾಲ ಜಗಲಿಯಿಂದ ಮೂಡಲಪಾಳ್ಯಕ್ಕೆ ನಾವು ನಡೆದೇ ಬರುತ್ತಿದ್ದೆವು. ಆಗಿನ್ನೂ ದಾರಿಯಲ್ಲಿ ಅಲ್ಲಲ್ಲಿ ರಾಗಿ ಹೊಲಗಳಿದ್ದವು, ಹೊಲಗಳ ಅಂಚಿನಲ್ಲಿ ಸೈಟಿನ ಕಲ್ಲುಗಳು ಬಿಳಿ ಬಣ್ಣ ಬಳಿದುಕೊಂಡು ನಿಂತಿದ್ದವು. ಮೊದಲ ದಿನ ಜೊತೆಗೆ ಯಾರೋ ಪರಿಚಯದವರು ಸೇರಿಕೊಂಡರು. ಎರಡನೆಯ ದಿನ ಮಳೆ ಹನಿಯಿತು, ಓಡಿದೆವು. ಮೂರನೆಯ ದಿನ ನಾವಿಬ್ಬರೇ ಇದ್ದೆವು. ಗಾಳಿ ಜೋರಾಗಿ ಬೀಸುತ್ತಿತ್ತು.

“ಅಪ್ಪಾ.”

“ಏನು?”

“ಭಾವನ ವಾಚು…”

“ಹಾಂ, ವಾಚು!” ಅಪ್ಪ ನಿಂತುಬಿಟ್ಟ. “ನಾನೂ ಅದನ್ನೇ ಯೋಚಿಸ್ತಿದ್ದೆ ಕಣೇ. ಎಂಥ ಜಾಗಕ್ಕೆ ಹೋಯ್ತು ನೋಡು ನನ್ ಹೆಸರು. ಇಷ್ಟು ವರ್ಷ ಯಾರ್ಯಾರ್ದೋ ಅಡುಗೆಮನೆಗೆ ಯಾರ್ಯಾರ್ದೋ ಹೆಸರು ಕಳಿಸ್ದೆ. ನಂದು ಯೂನಿವರ್ಸಿಟಿಗೇ ಹೋಯ್ತು. ಅಲ್ಲಿ ಓದ್ದೋರು ಇರ್ತಾರೆ, ಅಳಿಯಂದ್ರು ಕೈ ತೊಳೆಯೋಕೆ ಬಿಚ್ಚಿಟ್ಟಾಗ ಯಾರಾದ್ರೂ ತಿರುಗಿಸಿ ನೋಡ್ತಾರೆ. ಯಾರಪ್ಪ ಇದು ದೊಡ್ಡಹನುಮಯ್ಯ, ಅಕ್ಷರ ಎಷ್ಟು ಮುದ್ದಾಗಿದೆ ಅಂತಾರೆ. ಅಲ್ವಾ?”

“ಹೂಂ” ಎಂದೆ.

“ನೀನೇನೋ ಹೇಳ್ತಿದ್ದೆ.”

“ಏನಿಲ್ಲ.”

ಅವನು ಆ ಸಾಯಂಕಾಲ ಮನೆಯವರೆಗೂ ಶಿಳ್ಳೆ ಹಾಕಿಕೊಂಡು ಬಂದ. ಅಪ್ಪ ಶಿಳ್ಳೆ ಹಾಕಿದ್ದನ್ನು ನಾನು ಕೇಳಿದ್ದು ಬಹಳ ಕಡಿಮೆ. ಅದನ್ನು ಈಗಲೂ ನೆನಪಿಸಿಕೊಳ್ಳಬಲ್ಲೆ, ಯಾವ ಹಾಡೆಂದು ಮಾತ್ರ ಹೇಳಲಾರೆ.

ಆಷಾಢ ಮುಗಿಯಲು ನಾಲ್ಕು ದಿನವಿದ್ದಾಗ ಅಪ್ಪ ತಾವರೆಕೆರೆಗೆ ಒಂದು ತಿಥಿಗೆ ಹೋದ. ನಾನು ಗುರುಸಿದ್ದಯ್ಯನವರ ಅಂಗಡಿಗೆ ಹೋದೆ. ಅವರು ನನ್ನ ಮುಖ ನೋಡಿದರು. ಕೇಳಿದೆಯಾ ಎಂದು ಮತ್ತೆ ಕೇಳಲಿಲ್ಲ. ಮುಚ್ಚಳ ಬಿಚ್ಚಿ, ಒಂದು ಮರದ ತುಂಡಿನ ಮೇಲೆ ಅರಗಿನಿಂದ ಅಂಟಿಸಿ, ಎಮರಿ ಪೇಪರು ಕೊಟ್ಟು, “ಒಂದೇ ಕಡೆ ಒತ್ತಬ್ಯಾಡ, ಗುಳಿ ಬೀಳ್ತೈತೆ” ಎಂದಷ್ಟೇ ಹೇಳಿ ತಮ್ಮ ಕೆಲಸಕ್ಕೆ ತಿರುಗಿದರು.

ತಾರೀಖು ಬೇಗ ಹೋಯಿತು. ಅಲ್ಲಿಗೆ ಬರುವಷ್ಟರಲ್ಲಿ ಅಪ್ಪನ ಕೈ ಸೋತಿರಬೇಕು, ಚುಕ್ಕಿಗಳು ಮೇಲುಮೇಲೆ ಇದ್ದವು. ಮೂಡಲಪಾಳ್ಯ ಅರ್ಧ ಗಂಟೆ ಹಿಡಿಯಿತು. ಆಮೇಲೆ ಹೆಸರು. ಒತ್ತಕ್ಷರಗಳು ಮೊದಲು ಮಾಸಿದವು. ಹ, ನು, ಮ ಒಂದೊಂದಾಗಿ ತೆಳುವಾದವು. ‘ದೊ’ ಮಾತ್ರ ಹೋಗಲೊಲ್ಲದು. ಮೊದಲ ಅಕ್ಷರವನ್ನು ಅಪ್ಪ ಯಾವಾಗಲೂ ಗಟ್ಟಿಯಾಗಿ ಹೊಡೆಯುತ್ತಿದ್ದ. ಉಜ್ಜಿದೆ, ಒರೆಸಿ ನೋಡಿದೆ, ಮತ್ತೆ ಉಜ್ಜಿದೆ. ಬೆರಳ ತುದಿ ಸುಟ್ಟ ಹಾಗಾಯಿತು. ಕೊನೆಗೆ ಒಂದು ಸಲ ಒರೆಸಿದಾಗ ಮುಚ್ಚಳದಲ್ಲಿ ನನ್ನ ಮುಖದ ಬಣ್ಣ ಬಿಟ್ಟರೆ ಬೇರೇನೂ ಇರಲಿಲ್ಲ.

ನಾನು ಎಮರಿ ಪೇಪರನ್ನು ಕೆಳಗಿಟ್ಟೆ. ಗುರುಸಿದ್ದಯ್ಯನವರು ತಿರುಗಿ ನೋಡದೆ, “ಚಾ ತರಿಸಲೇನವ್ವ?” ಎಂದರು. ಬೇಡವೆಂದು ತಲೆಯಾಡಿಸಿದೆ.

ಅಪ್ಪನ ಸಣ್ಣ ಉಳಿಯನ್ನು ಮನೆಯಿಂದ ತಂದಿದ್ದೆ. ‘ಶ್ಯಾಮಸುಂದರ’ ಎಂದು ಕೊರೆದೆ. ಒಂದೇ ಸಾಲು, ನಡುವೆ, ಹೆಚ್ಚು ದೊಡ್ಡದಲ್ಲ. ಅಪ್ಪ ಪಕ್ಕದಲ್ಲಿಲ್ಲದೆ ನಾನೊಬ್ಬಳೇ ಶುರುಮಾಡಿ ಮುಗಿಸಿದ ಮೊದಲ ಕೆಲಸ ಅದು. ಹೆಸರು ಚೆನ್ನಾಗಿ ಬಂತು. ಅಷ್ಟು ಚೆನ್ನಾಗಿ ಬಂದದ್ದಕ್ಕೆ ನನಗೆ ಖುಷಿಯಾಯಿತು, ಖುಷಿಯಾದದ್ದಕ್ಕೆ ನಾಚಿಕೆಯಾಯಿತು.

ಶ್ರಾವಣದ ಮೊದಲ ಭಾನುವಾರ ಭಾವ ಬಂದರು. ಅಕ್ಕ ಬೀದಿಯ ತಿರುವಿಗೇ ಹೋಗಿ ವಾಚು ಕೊಟ್ಟು ಕರೆದುಕೊಂಡು ಬಂದಳು. ಅವರು ಒಳಗೆ ಕಾಲಿಡುವಾಗ ಎಡಗೈ ಸ್ವಲ್ಪ ಮುಂದಿತ್ತು. ಅಪ್ಪ ಅದನ್ನೇ ನೋಡಿದ. ಅವನ ಮುಖ ಎಷ್ಟು ಅರಳಿತೆಂದರೆ, ಅಮ್ಮ ಅದನ್ನು ನೋಡಲಾರದೆ ಅಡುಗೆಮನೆಯ ಬಾಗಿಲಿನಿಂದ ಹಿಂದಕ್ಕೆ ಸರಿದಳು.

ಊಟವಾಯಿತು. ಪಾಯಸ ಎರಡನೆಯ ಸಲ ಬಡಿಸಿದೆ. ಭಾವ ಕೈ ತೊಳೆದು ಬಂದು ಚಾಪೆಯ ಮೇಲೆ ಕೂತರು.

“ಎಲ್ಲಿ, ವಾಚು ಕೊಡಿ ಇಲ್ಲಿ. ಕೀ ಕೊಡ್ತೀನಿ” ಎಂದ ಅಪ್ಪ.

“ಬೆಳಿಗ್ಗೇನೇ ಕೊಟ್ಟಿದೀನಿ ಮಾವ.”

“ಕೊಡ್ರೀ, ಅಪರೂಪಕ್ಕೆ ಬಂದಿದೀರಿ.”

ಅಕ್ಕ ನನ್ನ ಕಡೆ ನೋಡಿದಳು. ನಾನು ಗೋಡೆ ನೋಡಿದೆ. ಭಾವ ವಾಚು ಬಿಚ್ಚಿ ಕೊಟ್ಟರು. ಅಪ್ಪ ಕೀ ತಿರುಗಿಸಲಿಲ್ಲ. ನೇರವಾಗಿ ಬೋರಲು ಹಾಕಿದ.

ಅವನು ಓದಿದ. ಆಮೇಲೆ ಹೆಬ್ಬೆರಳಿನಿಂದ ಮುಚ್ಚಳವನ್ನು ಒಂದು ಸಲ ಸವರಿದ. ಎಷ್ಟು ಜಾಗ್ರತೆಯಾಗಿ ಉಜ್ಜಿದರೂ ನಡುವೆ ಸ್ವಲ್ಪ ತಗ್ಗು ಬಿದ್ದಿತ್ತು. ಅದು ಕಣ್ಣಿಗೆ ಕಾಣುತ್ತಿರಲಿಲ್ಲ.

“ಮಾವ, ಅದು… ಆಫೀಸಲ್ಲಿ ಎಲ್ಲರದೂ ಒಂದೇ ಥರ ವಾಚು. ಬದಲಾಗಿಬಿಡ್ತವೆ. ಅದಕ್ಕೇ…” ಎಂದರು ಭಾವ.

“ಒಳ್ಳೇದೇ ಆಯ್ತು ಬಿಡಿ. ಯಾರ ವಾಚೋ ಅವರ ಹೆಸರಿರ್ಬೇಕು.” ಅಪ್ಪನ ದನಿಯಲ್ಲಿ ಏನೂ ಇರಲಿಲ್ಲ. “ಯಾರು ಹಾಕಿದ್ದು?”

ಅಕ್ಕ ಬೇಗ ಹೇಳಿದಳು: “ಕೆಂಗೇರಿ ಬಸ್‌ಸ್ಟ್ಯಾಂಡ್ ಹತ್ರ ಯಾರೋ ಒಬ್ಬ ಇದಾನಪ್ಪ.”

“ಹೌದಾ?” ಅಪ್ಪ ಇನ್ನೊಂದು ಸಲ ನೋಡಿದ. “ಕೈ ಚೆನ್ನಾಗಿದೆ.”

ಯಾವ ಚೊಂಬು ಯಾರ ಕೈಯದೆಂದು ಹೇಳುವವನು ಅವನು. ನನ್ನ ಕೈಯನ್ನು ಹಿಡಿದು ತಿದ್ದಿಸಿದವನೂ ಅವನೇ. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ನಾಲ್ಕು ಸುತ್ತು ಕೀ ಕೊಟ್ಟು, ಕಿವಿಯ ಹತ್ತಿರ ಹಿಡಿದು ಕೇಳಿ, ಭಾವನ ಕೈಗೆ ತಾನೇ ಕಟ್ಟಿದ.

ಅಕ್ಕ ನಗುನಗುತ್ತ ಕೆಂಗೇರಿಗೆ ಹೋದಳು. ಬಸ್ಸಿನ ಕಿಟಕಿಯಿಂದ ಭಾವನ ಕೈ ಹೊರಗಿತ್ತು, ವಾಚು ಬಿಸಿಲಿಗೆ ಹೊಳೆಯಿತು. ನಾನು ಮಾಡಿದ್ದು ತಪ್ಪೆಂದು ಆಗಲೂ ಹೇಳಲಾಗುತ್ತಿರಲಿಲ್ಲ, ಈಗಲೂ ಹೇಳಲಾರೆ.

ಮರುದಿನ ಜಗಲಿಗೆ ಒಬ್ಬರು ಕೊಳಗ ತಂದರು, ಮಗಳ ಮನೆಯ ಗೃಹಪ್ರವೇಶಕ್ಕೆ.

“ಯಾರ ಹೆಸರು ಹಾಕ್ಲಿ?” ಎಂದ ಅಪ್ಪ.

“ನಂದೇ. ಅಂಜಿನಯ್ಯ ಅಂತ.”

“ನಿಮ್ಮದಾ, ಅವರದಾ?”

“ಕೊಡೋನು ನಾನಲ್ವೇನಪ್ಪ? ಹೊಸದಾಗಿ ಕೇಳ್ತೀಯಲ್ಲ!” ಎಂದು ಅವರು ನಕ್ಕರು. ಒಳಗಿಂದ ಜಂಬಣ್ಣನವರು, “ಮಾವನಾದ ಮೇಲೆ ನಮ್ ಹನುಮಯ್ಯಗೆ ಮರೆವು ಶುರುವಾಯ್ತು” ಎಂದರು. ಅಪ್ಪ ನಗಲಿಲ್ಲ. ಕೊಳಗವನ್ನು ತೊಡೆಯ ಮೇಲಿಟ್ಟುಕೊಂಡು ಕೊರೆಯತೊಡಗಿದ. ಆ ದಿನ ನನ್ನ ಜೊತೆ ಆಡಿದ್ದು ಎರಡೇ ಮಾತು. “ಎಣ್ಣೆ” ಎಂದ. “ಸಾಕು” ಎಂದ. ಬೇರೆ ದಿನಗಳಲ್ಲೂ ಅವನು ಹೆಚ್ಚು ಮಾತಾಡುತ್ತಿರಲಿಲ್ಲ. ಆದರೆ ಆ ಸುಮ್ಮನಿರುವಿಕೆಯಲ್ಲಿ ನಾನೂ ಇರುತ್ತಿದ್ದೆ.

ಸಾಯಂಕಾಲ ಉಳಿಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟೆವು. ಮನೆಗಳು ಮುಗಿದು ಹೊಲಗಳು ಶುರುವಾದವು. ಅಪ್ಪ ಹತ್ತು ಹೆಜ್ಜೆ ಮುಂದಿದ್ದ. ಮೋರಿಯ ಕಟ್ಟೆಯ ಹತ್ತಿರ ಬಂದಾಗ ನಾನು ನಿಂತೆ. ಸ್ಕೂಲಿನಲ್ಲಿ ಪಾಠ ಓದಲು ಎದ್ದು ನಿಂತ ಹಾಗೆಯೇ ಇತ್ತು.

“ಅಪ್ಪಾ, ವಾಚಿನ ಮೇಲಿನ ಹೆಸರು ಉಜ್ಜಿದ್ದು ನಾನು.”

ಅವನ ಹೆಜ್ಜೆ ನಿಲ್ಲಲಿಲ್ಲ, ಸ್ವಲ್ಪ ತಡವಾಯಿತು.

“ಗೊತ್ತು” ಎಂದ.

ನಾನು ಇನ್ನೂ ಏನೋ ಹೇಳುತ್ತೇನೆಂದು ಕಾಯುವವನ ಹಾಗೆ ನಾಲ್ಕು ಹೆಜ್ಜೆ ನಿಧಾನವಾಗಿ ಹಾಕಿದ. ಆಮೇಲೆ ಅವನು ಚೀಲವನ್ನು ಇನ್ನೊಂದು ಹೆಗಲ ಮೇಲೆ ಹಾಕಿಕೊಂಡು ಮೊದಲಿಗಿಂತ ಬೇಗ ನಡೆಯತೊಡಗಿದ. ನಾನು ಓಡುನಡಿಗೆಯಲ್ಲಿ ಹಿಂದೆ ಹೋದೆ. ನಮ್ಮಿಬ್ಬರ ನಡುವಿನ ದೂರ ಕಡಿಮೆಯಾಗಲಿಲ್ಲ.

“ಅಪ್ಪಾ,” ಎಂದೆ, “ಒಂಚೂರು ನಿಧಾನಕ್ಕೆ ನಡಿಯಪ್ಪ.”